ಬೀಳದ ಸೈಕಲ್ಲಿಗೆ ಬಂದ ಬಿರುಕು

ಏನಾದರೂ ಮುರಿದರೆ ಅದು ಯಾಕೆ ಮುರಿಯಿತು ಎಂದು ತಿಳಿಯುವವರೆಗೆ ಮಧುಮತಿಗೆ ಸಮಾಧಾನವಿಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಗೆ ಹೋಗುವ ರಸ್ತೆಯಲ್ಲಿ ಅವಳದೊಂದು ಸೈಕಲ್ ರಿಪೇರಿ ಅಂಗಡಿ. ಬೈಲಹೊಂಗಲದ ಕಡೆಯಿಂದ ಮದುವೆಯಾಗಿ ಬಂದಾಗ ಅದು ಮಾವನ ಅಂಗಡಿಯಾಗಿತ್ತು. ಒಂದು ದಿನ ಮಾವನಿಗೆ ಊಟ ತಂದವಳು, ಹಿಂದಿನ ಚಕ್ರದ ಫ್ರೀವೀಲಿನೊಳಗೆ ಟಕಟಕ ಅನ್ನುವುದು ಏನೆಂದು ಕೇಳಿದಳು. ಮಾವ ನಗುತ್ತ ಬಿಚ್ಚಿ ತೋರಿಸಿದರು. ಅಂದಿನಿಂದ ದಿನಕ್ಕೊಂದು ಪ್ರಶ್ನೆ. ಮಾವನ ಕೈ ನಡುಗಲು ಶುರುವಾದ ವರ್ಷ ನಟ್ಟು ತಿರುಗಿಸುವ ಪಾನಾ ಅವಳ ಕೈಗೆ ಬಂತು. ಗಂಡ ದುಂಡೇಶ ಕಾರ್ಖಾನೆಗೆ, ಇವಳು ಅಂಗಡಿಗೆ. ಹದಿನೆಂಟು ವರ್ಷ ಕಳೆದವು.

ಹೋದ ಚಳಿಗಾಲದಲ್ಲಿ ಕುಬೇರ ತನ್ನ ಸೈಕಲ್ ತಂದ. ಮುಂಡಗೋಡ ತಾಲೂಕಿನ ಇಂದೂರಿನವನು, ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದ. ಬ್ರೇಕ್ ಹಿಡಿದಾಗ ಮುಂದುಗಡೆ ಕಟ್ ಅನ್ನುತ್ತದೆ ಎಂದ. ಮಧುಮತಿ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಬಿಚ್ಚಿದಳು. ಅದರ ಎರಡು ಕಾಲು ಕೂಡುವಲ್ಲಿ, ಹ್ಯಾಂಡಲ್ಲಿನ ಕಡೆಗೆ ಏರುವ ಕೊಳವೆಯ ಬುಡದಲ್ಲಿ, ಕೂದಲೆಳೆಯಂಥ ಬಿರುಕು.

"ಎಲ್ಲೆರೆ ಬಿದ್ದಿದ್ದೇನು?"

"ಒಂದ ಸಲಾನೂ ಇಲ್ರಿ ಅಕ್ಕಾ. ಒಂದೀಟು ವೆಲ್ಡಿಂಗ್ ಹೊಡಸಿ ಕೊಡ್ರಿ, ಡ್ಯೂಟಿ ಐತಿ."

ರಿಮ್ ಡೊಂಕಾಗಿರಲಿಲ್ಲ, ಬಣ್ಣ ಕಿತ್ತಿರಲಿಲ್ಲ. ಬೀಳದ ಸೈಕಲ್ಲಿಗೆ ಬಿರುಕು ಹೇಗೆ ಬಂತು? ಹಿಂದಿನ ತಿಂಗಳು ಕ್ಯಾಂಟೀನಿನ ಗುರುಬಸವ್ವನ ಸೈಕಲ್ಲಿಗೂ ಇದೇ ಜಾಗದಲ್ಲಿ ಬಿರುಕು ಬಿಟ್ಟಿತ್ತು. ಅದೇ ಕಂಪನಿ, ಅದೇ ಮಾಡೆಲ್. ಆಗ ರಸ್ತೆಯ ಗುಂಡಿಗೆ ಇಳಿಸಿರಬೇಕು ಅಂದುಕೊಂಡು ಫೋರ್ಕ್ ಬದಲಿಸಿ ಕಳಿಸಿದ್ದಳು.

"ಇದಕ್ಕ ವೆಲ್ಡಿಂಗ್ ಬ್ಯಾಡ. ಸೈಕಲ್ ಇಲ್ಲೇ ಇರಲಿ, ನಾಕ ದಿನ ನಡಕೋತ ಹೋಗು," ಎಂದಳು.

ಸೈಕಲ್ಲಿಗೆ ಅಂಟಿಸಿದ್ದ ಕಂಪನಿಯ ನಂಬರಿಗೆ ಫೋನ್ ಮಾಡಿದಳು. ಎತ್ತಿಕೊಂಡ ಹುಡುಗಿ ಸೈಕಲ್ಲಿನ ನಂಬರ್ ಕೇಳಿದಳು. ಮಧುಮತಿ ಸೈಕಲ್ ಬೋರಲು ಹಾಕಿ, ಪೆಡಲಿನ ಅಚ್ಚು ಕೂರುವ ಗೂಡಿನ ಕೆಳಗೆ ಗಟ್ಟಿಯಾಗಿದ್ದ ಕೆಸರನ್ನು ಒರೆಸಿ, ಕೊರೆದ ಅಂಕಿಗಳನ್ನು ಓದಿದಳು.

"ಮೇಡಂ, ಇದನ್ನ ಓಡಿಸಲೇಬೇಡಿ. ಈ ಫೋರ್ಕ್‌ಗಳನ್ನ ನಾವೇ ವಾಪಸ್ ತಗೋತಿದೀವಿ. ಐದು ತಿಂಗಳ ಹಿಂದೆನೇ ವೆಬ್‌ಸೈಟಲ್ಲಿ ಹಾಕಿದೀವಲ್ಲ."

"ನೀವು ಹಾಕೀರಿ ಖರೆ. ಇಲ್ಲಿ ಯಾರ ನೋಡ್ಯಾರ?"

ಬಿಲ್ ಇಲ್ಲದಿದ್ದರೂ ನಡೆಯುತ್ತದೆ, ನಂಬರ್ ಸಾಕು, ಹೊಸ ಫೋರ್ಕ್ ಹಳಿಯಾಳದ ಡೀಲರ್ ಹತ್ತಿರ ಪುಕ್ಕಟೆ ಸಿಗುತ್ತದೆ ಎಂದಳು ಹುಡುಗಿ. ದೋಷವಿದ್ದ ನಂಬರುಗಳು ಯಾವ ಅಕ್ಷರದಿಂದ ಶುರುವಾಗುತ್ತವೆ ಎಂಬುದನ್ನೂ ಮಧುಮತಿ ಬಿಡದೆ ಕೇಳಿ ತಿಳಿದುಕೊಂಡಳು.

ಮರುದಿನ ಕಾರ್ಖಾನೆಯ ಸೈಕಲ್ ಸ್ಟ್ಯಾಂಡಿನಲ್ಲಿ ಅವಳು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಸೈಕಲ್ಲಿನ ಕೆಳಗೆ ಇಣುಕತೊಡಗಿದಳು. ಕಾವಲುಗಾರ ಚನಬಸಪ್ಪ ಓಡಿ ಬಂದ.

"ಏನ ಹುಡಕಾಕತ್ತೀರಿ ಅಕ್ಕಾರ? ಉಂಗುರ ಬಿದ್ದೈತೇನು?"

ವಿಷಯ ಕೇಳಿದ ಮೇಲೆ ಅವನೂ ಟಾರ್ಚ್ ಹಿಡಿದು ಪಕ್ಕದಲ್ಲಿ ಮಂಡಿಯೂರಿದ. ಇನ್ನೂ ಐದು ಸಿಕ್ಕವು. ಪಾಳಿ ಬಿಟ್ಟಾಗ ನಾಲ್ವರು ತಕರಾರಿಲ್ಲದೆ ಸೈಕಲ್ ಬಿಟ್ಟುಕೊಟ್ಟರು. ಐದನೆಯವನು ತುಳಸಿರಾಮ. ಅವನು ನಕ್ಕುಬಿಟ್ಟ.

"ಎರಡ ವರ್ಷ ಆತು, ಕಲ್ಲಿನಂಗ ಐತಿ."

"ಹತ್ತ ನಿಮಿಷ ಕೊಡ್ರಿ. ನೋಡೇ ಬಿಡೂಣು."

ಅಂಗಡಿಗೆ ಒಯ್ದು ಫೋರ್ಕ್ ಬಿಚ್ಚಿದರೆ ಕಣ್ಣಿಗೆ ಏನೂ ಕಾಣಲಿಲ್ಲ. "ನೋಡ್ರಿ, ಹೇಳಿದ್ನಿಲ್ಲ?" ಎಂದ ತುಳಸಿರಾಮ. ಮಧುಮತಿ ಕೊಳವೆಯ ಬುಡಕ್ಕೆ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದಳು. ಮಾವನಿಂದ ಕಲಿತ ಉಪಾಯ ಅದು: ಬಿರುಕಿದ್ದರೆ ಒಳಗಿಳಿದ ಎಣ್ಣೆ ಪುಡಿಗೆ ಜಿನುಗುತ್ತದೆ. ಬೆಳ್ಳಗಿದ್ದ ಪುಡಿಯ ಮೇಲೆ ಮೆಲ್ಲಗೆ ಒಂದು ಒದ್ದೆ ಗೆರೆ ಮೂಡಿತು. ಕೊಳವೆಯ ಅರ್ಧ ಸುತ್ತು ಬಂದು ನಿಂತಿತು.

ತುಳಸಿರಾಮ ಬಗ್ಗಿ ನೋಡಿದ. "ದಿನಾ ಮಗಳನ್ನ ಮುಂದ ಕೂಡಿಸಿಕೊಂಡು ಸಾಲಿಗೆ ಬಿಡತೇನ್ರಿ," ಅಂದವನು ಸೈಕಲ್ ಅಲ್ಲೇ ಬಿಟ್ಟು ನಡೆದು ಹೋದ.

ಎರಡು ವಾರಕ್ಕೆ ಹೊಸ ಫೋರ್ಕ್‌ಗಳು ಬಂದವು. ಹಳೆಯವನ್ನು ಒಯ್ಯಲು ಹುಬ್ಬಳ್ಳಿಯಿಂದ ಬಂದ ಕಂಪನಿಯವನನ್ನು ಮಧುಮತಿ ಸುಮ್ಮನೆ ಬಿಡಲಿಲ್ಲ. ಬುಡದಲ್ಲಿ ತಿರುವು ಗುಂಡಗಿರಬೇಕಿತ್ತು, ಆ ಒಂದು ಸಲ ತಯಾರಿಸಿದವುಗಳಲ್ಲಿ ಚೂಪಾಗಿ ಕತ್ತರಿಸಿಬಿಟ್ಟಿದ್ದರು, ಪ್ರತಿ ಕುಲುಕಿನ ಭಾರವೂ ಆ ಮೂಲೆಗೇ ಬೀಳುತ್ತಿತ್ತು ಎಂದು ಅವನು ವಿವರಿಸಿದ. ಅವಳು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಉಗುರಾಡಿಸಿ ನೋಡಿದಳು. ಹಳೆಯದರಲ್ಲಿ ಉಗುರು ತಟ್ಟನೆ ನಿಂತಿತು.

"ಹೌದ್ರಿ, ಖರೆ ಐತಿ," ಎಂದಳು. ಆಮೇಲೂ ಅವಳ ಪ್ರಶ್ನೆ ಮುಗಿಯಲಿಲ್ಲ; ಅವನ ಹುಬ್ಬಳ್ಳಿ ಬಸ್ಸು ತಪ್ಪಿತು.