ಎಡೆ ಹಿಡಿದ ಶೇಜ್ವಾನ್ ಅನ್ನ

ಜ್ವರ ಬಿಟ್ಟ ಮೇಲೂ ನನ್ನ ಹೆಂಡತಿಗೆ ಊಟ ಸೇರುತ್ತಿರಲಿಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಬಿಪಿ ಗುಳಿಗೆ ನುಂಗಲಿಕ್ಕಾದರೂ ಹೊಟ್ಟೆಯಲ್ಲಿ ಏನಾದರೂ ಇರಬೇಕಲ್ಲ.

"ಏನ್ ತಿಂತಿ ಹೇಳು."

"ಬಂಡಿ ಮ್ಯಾಲಿನ ಕೆಂಪನ್ನ. ಶೇಜ್ವಾನ್ ಅಂತಾರಲ್ರಿ, ಅದು."

ನನಗೆ ಚುರುಕ್ಕೆಂದಿತು. ದಾಂಡೇಲಿಯಲ್ಲಿ ನೌಕರಿಯಲ್ಲಿದ್ದಾಗ, ಸಂತೆ ಮುಗಿಸಿ ಬರುವಾಗಲೆಲ್ಲ ಆ ಬಂಡಿಯ ಮುಂದೆ ಅವಳ ನಡಿಗೆ ನಿಧಾನವಾಗುತ್ತಿತ್ತು. "ಅದ ಕಡಾಯಿದಾಗ ತತ್ತಿ ಒಡೀತಾರ, ನಡಿ" ಎಂದು ನಾನು ಮುಂದೆ ಹೋಗಿಬಿಡುತ್ತಿದ್ದೆ. ಹಳಿಯಾಳಕ್ಕೆ ಬಂದು ನೆಲೆಸಿದ ಮೇಲೂ ಅವಳು ಅದರ ರುಚಿ ನೋಡಿರಲಿಲ್ಲ.

"ತರೂದಿಲ್ಲ. ನಾನ ಮಾಡ್ತೇನಿ" ಎಂದೆ.

"ಚಾ ಸೋಸಾಕ ಬರೂದಿಲ್ಲ, ಚೀನಾದ ಅಡಗಿ ಮಾಡ್ತಾರಂತ!"

ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ಕೋಸು, ಗಜ್ಜರಿ, ಬೀನ್ಸ್ ಸಣ್ಣಗೆ ಹೆಚ್ಚಿ, ದೊಡ್ಡ ಉರಿಯ ಮೇಲೆ ಬೆಳ್ಳುಳ್ಳಿಯ ಜೊತೆ ಹುರಿದೆ. ಕೆಂಪು ಚಟ್ನಿ, ಕಪ್ಪು ಸೋಯಾ ಸಾಸ್ ಸುರಿದು, ಆರಿದ ಅನ್ನ ಹಾಕಿ ತಿರುವಿದೆ. ವಿಡಿಯೊದ ಹೆಂಗಸು "ರುಚಿ ನೋಡಿ ಉಪ್ಪು ಹಾಕಿ" ಎಂದಳು. ನಮ್ಮ ಮನೆಯಲ್ಲಿ ಲಿಂಗಕ್ಕೆ ಎಡೆ ಹಿಡಿಯುವ ಮೊದಲು ಯಾರೂ ರುಚಿ ನೋಡುವುದಿಲ್ಲ. ಹೆಂಡತಿ ಕಣ್ಣಳತೆಯಲ್ಲೇ ಉಪ್ಪು ಹಾಕುವವಳು. ನಾನೂ ಪಲ್ಯಕ್ಕೆ ಅವಳು ಹಾಕುವಷ್ಟೇ ಹಾಕಿದೆ. ಸಾಸಿನಲ್ಲೇ ಉಪ್ಪಿರುತ್ತದೆಂದು ನನಗೆ ಹೊಳೆಯಲಿಲ್ಲ.

ಬಾಟಲಿಯ ಸಾಸು ದೇವರಿಗೆ ನಡೆಯುತ್ತದೋ ಇಲ್ಲವೋ, ಅದೂ ತಿಳಿಯಲಿಲ್ಲ. ಆದರೂ ಎಡೆ ಹಿಡಿದೆ. ಇಲ್ಲಿ ನಿಜ ಹೇಳಬೇಕು: ಅದು ಭಕ್ತಿಯಲ್ಲ. ಪ್ರಸಾದವಾದರೆ ಅವಳು ಒಂದು ಅಗುಳೂ ಬಿಡುವುದಿಲ್ಲ, ತಟ್ಟೆ ತೊಳೆದ ನೀರನ್ನೂ ಕುಡಿಯುತ್ತಾಳೆ ಎಂದು ನನಗೆ ಗೊತ್ತಿತ್ತು. ಅವಳನ್ನು ಉಣ್ಣಿಸಲು ಲಿಂಗವನ್ನು ಅಡ್ಡ ಹಿಡಿದೆ.

ಅವಳಿಗೆ ಬಡಿಸಿ, ನಾನೂ ಒಂದು ತುತ್ತು ಬಾಯಿಗಿಟ್ಟೆ. ನಾಲಿಗೆ ಸುಟ್ಟಂತಾಯಿತು. ಬರೀ ಉಪ್ಪು. ಡಾಕ್ಟರು ಅವಳಿಗೆ ಉಪ್ಪಿನಕಾಯಿಯನ್ನೇ ಬಿಡಿಸಿದ್ದರು. ಅವಳು ಮಾತ್ರ ತಲೆ ತಗ್ಗಿಸಿ ತಿನ್ನುತ್ತಲೇ ಇದ್ದಳು.

"ಬಿಡ ಅದನ್ನ, ಉಪ್ಪಾಗೇತಿ."

"ಪ್ರಸಾದ ಬಿಡ್ತಾರೇನ್ರಿ?"

ಏನು ಮಾಡಬೇಕೋ ತಿಳಿಯಲಿಲ್ಲ. ಬಿಡಿಸಿದರೆ ಒಂದು ತಪ್ಪು, ತಿನ್ನಿಸಿದರೆ ಇನ್ನೊಂದು. ಕೊನೆಗೆ ಅವಳ ತಟ್ಟೆ ಎಳೆದು, ಉಳಿದದ್ದನ್ನೆಲ್ಲ ನನ್ನ ತಟ್ಟೆಗೆ ಸುರಿದುಕೊಂಡೆ. ಅವಳು ಗಾಬರಿಯಾದಳು.

"ಅಯ್ಯ, ನನ್ನ ಎಂಜಲಾ ರೀ ಅದು!"

"ಪ್ರಸಾದಕ್ಕ ಎಂಜಲಾ ಎಲ್ಲಿಂದ ಬಂತು?"

"ಉಣಸಾಕೂ ದೇವರು, ಕಸಗೊಳ್ಳಾಕೂ ದೇವರು. ಆಂವ ಏನ್ ನಿಮ್ಮ ಮನಿ ಆಳೇನು?"

ಅವಳಿಗೆ ಎಲ್ಲ ತಿಳಿದಿತ್ತು. ನಾನು ಬಿಳಿ ಅನ್ನ ಕಲಸಿಕೊಂಡು ಅಷ್ಟನ್ನೂ ತಿಂದೆ. ಲಗ್ನವಾದಾಗಿನಿಂದ ನನ್ನ ತಟ್ಟೆಯಲ್ಲಿ ಉಳಿದದ್ದನ್ನು ಅವಳು ತಿಂದಿದ್ದಾಳೆ. ಅವಳ ತಟ್ಟೆಯದು ನನ್ನ ಬಾಯಿಗೆ ಬಂದದ್ದು ಅದೇ ಮೊದಲು.

ಆಮೇಲೆ ಮಧ್ಯಾಹ್ನವಿಡೀ ಅವಳ ಮಂಚದ ಹತ್ತಿರವೇ ಕುಳಿತೆ. "ತಲಿ ನೋಯ್ತೈತೇನು? ಎದಿ ಹೊಡ್ಕೊಳ್ಳಾಕತ್ತೈತೇನು?" ಎಂದು ಕೇಳಿದ್ದನ್ನೇ ಕೇಳಿದೆ.

"ನನಗೇನೂ ಆಗಿಲ್ಲ. ಇವತ್ತರ ಒಂದೀಟು ಹೊಟ್ಟಿ ತುಂಬೇತಿ. ನಿಮ್ಮ ಮಾರಿ ನೋಡಿದ್ರನ ತಲಿ ನೋಯ್ತೈತಿ, ಹೊರಗ ಹೋಗ್ರಿ."

ಎದ್ದು ಜಗಲಿಗೆ ಬಂದೆ. ತಪ್ಪಾಯಿತು ಎಂದು ಮೊದಲು ಲಿಂಗಕ್ಕೆ ಹೇಳಲೋ ಅವಳಿಗೆ ಹೇಳಲೋ, ಅವಳಿಗಾದರೆ ಯಾವುದಕ್ಕೆಂದು ಹೇಳಲಿ, ಇವತ್ತಿನ ಉಪ್ಪಿಗೋ, ಅಷ್ಟು ವರ್ಷ ಬಂಡಿಯ ಮುಂದೆ ನಿಲ್ಲಗೊಡದೆ ನಡೆಸಿದ್ದಕ್ಕೋ, ತಿಳಿಯದೆ ಕುಳಿತೆ.