ಕೂಗದೆ ಒತ್ತಿದ ಸ್ವಿಚ್

ನಾನು ಕೂಗಲಿಲ್ಲ, ವಾಸಣ್ಣ. ಕೂಗಿದೆ ಎಂದು ಹೇಳಿದ್ದು ಸುಳ್ಳು. ನಿಮ್ಮ ಕಿವಿ ನೆಟ್ಟಗಿತ್ತು—ನೆಟ್ಟಗಿಲ್ಲದ್ದು ನನ್ನ ನಾಲಿಗೆ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ಮುಂಬಯಿಯ ಆಂಟಾಪ್ ಹಿಲ್‌ನ ಹೊಸ ಬಿಲ್ಡಿಂಗುಗಳಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಕಿಟಕಿಗಳಿಗೆ ಕಬ್ಬಿಣದ ಸರಳು ಕೂರಿಸಲು ನಮಗಿದ್ದುದು ಇಬ್ಬರು ಹೊತ್ತೊಯ್ಯುವ ಪುಟ್ಟ ಜನರೇಟರ್ ಒಂದೇ. ಯಾವ ಮೋಟಾರಾದರೂ ಶುರುವಾಗುವ ಗಳಿಗೆಯಲ್ಲಿ, ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಕರೆಂಟು ಎಳೆಯುತ್ತದೆ. ಅದಕ್ಕೇ ನೀವು ಕಲಿಸಿದ ಪದ್ಧತಿ: ಗ್ರೈಂಡರ್ ಹಚ್ಚುವವನು "ಬಿಡ್ತೇನ್ರೀ" ಎಂದು ಕೂಗಬೇಕು, ಡ್ರಿಲ್ ಹಿಡಿದವನು ಕೈ ನಿಲ್ಲಿಸಿ "ಬಿಡು" ಎನ್ನಬೇಕು. ಇಂಜಿನ್ ನರಳಿ ಸುಧಾರಿಸಿಕೊಂಡ ಮೇಲೆಯೇ ಮತ್ತೆ ಡ್ರಿಲ್.

ಆ ದಿನ ಡ್ರಿಲ್ ನಿಮ್ಮ ಕೈಯಲ್ಲಿ, ಗ್ರೈಂಡರ್ ನನ್ನ ಕೈಯಲ್ಲಿ. ಮೂರು ಸಲ ಕೂಗಿದೆ. ಮೂರು ಸಲವೂ ನೀವು, "ತಡಿ ಮಾರಾಯ, ಈ ತೂತು ಮುಗೀಲಿ" ಎಂದಿರಿ. ನನಗೆ ಮೈಯೆಲ್ಲ ಉರಿಯಿತು. ಇವನೇನು ನನ್ನ ಧಣಿಯೇ—ನಾಲ್ಕನೆಯ ಸಲ ಬಾಯಿ ಬಿಡದೆ ಸ್ವಿಚ್ ಒತ್ತಿದೆ.

ಜನರೇಟರಿನ ಉಸಿರುಗಟ್ಟಿತು. ನಿಮ್ಮ ಡ್ರಿಲ್ ಕಬ್ಬಿಣದಲ್ಲೇ ಸಿಕ್ಕಿಕೊಂಡು ನಿಂತಿತು. ನೀವು ಬಗ್ಗಿ ಬಿಡಿಸುತ್ತಿದ್ದಂತೆ ಇಂಜಿನ್ ಸುಧಾರಿಸಿಕೊಂಡು ಕರೆಂಟು ಮರಳಿತು, ಡ್ರಿಲ್ ನಿಮ್ಮ ಕೈಯನ್ನೇ ತಿರುಚಿತು—ಮಣಿಕಟ್ಟು ಮುರಿದ ಆ ಸದ್ದು...

ನಮ್ಮ ಮೇಸ್ತ್ರಿ, ಮುಕಾದಮ, ಓಡಿ ಬಂದ. "ಒದರಿದ್ಯೋ ಇಲ್ಲೋ?"

"ಒದರೀನ್ರಿ. ಇವ್ರಿಗೆ ಕಿವಿ ಕೇಳಂಗಿಲ್ಲ."

"ನನಗೆ ಕಿವಿ ಸರಿ ಕೇಳ್ತದೆ. ಅವ ಕೂಗ್ಲೇ ಇಲ್ಲ." ಒಂದೇ ಸಲ ಹೇಳಿದಿರಿ. ಧಾರವಾಡದ ಮುಕಾದಮ ಧಾರವಾಡದ ನನ್ನನ್ನು ನಂಬಿದ. ಉಡುಪಿಯ ನಿಮ್ಮನ್ನು ಕೆಲಸದಿಂದ ತೆಗೆದ. ಮೂಳೆ ಕೂಡಿತು. ಕಿವುಡ ವಾಸು ಎಂಬ ಹೆಸರು ಮಾತ್ರ ಹೋಗಲಿಲ್ಲ. ಸಯನ್‌ನಿಂದ ಬೊರಿವಲಿಯವರೆಗೆ ಯಾರೂ ನಿಮ್ಮ ಕೈಗೆ ಮಷೀನು ಕೊಡಲಿಲ್ಲ.

ಊರಿನವನೆಂದು ನಂಬಿದ ಆ ಮೂರ್ಖನ ಮೇಲೆ ನನಗೆ ಸಿಟ್ಟಿದೆ. ನನ್ನ ಕೊರಳಪಟ್ಟಿ ಹಿಡಿಯದ ನಿಮ್ಮ ಮೇಲೂ—ಥೂ, ಅದೂ ನಿಮ್ಮದೇ ತಪ್ಪೆನ್ನುವಷ್ಟು ನೀಚ ನಾನು.

ಹೋದ ವಾರ ಸಯನ್‌ನ ಹೋಟೆಲೊಂದರಲ್ಲಿ ನೀವು ಮೇಜು ಒರೆಸುತ್ತಿದ್ದಿರಿ. ಆ ಗದ್ದಲದಲ್ಲಿ, ಬೆನ್ನ ಹಿಂದಿನಿಂದ, ನನಗೇ ಕೇಳಿಸದಷ್ಟು ಮೆಲ್ಲಗೆ "ವಾಸಣ್ಣ" ಎಂದೆ. ತಕ್ಷಣ ತಿರುಗಿದಿರಿ. ಗುರುತು ಹಿಡಿದಿರಿ. "ಚಾ ಕೊಡ್ಲಾ?" ಎಂದಿರಿ. ನಾನು ಚಾ ಕುಡಿದು ಎದ್ದು ಬಂದೆ.

ನಾಳೆ ಆ ಮುಕಾದಮನನ್ನು ಎಳೆದುಕೊಂಡು ಬರುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೇಳುವ ಮುಖವೂ ಇಲ್ಲ. ಹೋಟೆಲಿನ ನಟ್ಟನಡುವೆ ನಿಂತು, ಅಂದು ಕೂಗಬೇಕಿದ್ದಷ್ಟೇ ಜೋರಾಗಿ ಹೇಳುತ್ತೇನೆ: ನಾನು ಒದರಲಿಲ್ಲ.