ಎರಡು ಹಿಡಿ ಅರಿಶಿನ

ಹೋದ ವಾರ ಯಲಹಂಕಕ್ಕೆ ಹೋಗೋಕೆ ಮೊಮ್ಮಗಳು ಫೋನಲ್ಲಿ ಕಾರು ಕರೆಸಿದ್ಲು. ಕಾರು ಬಂದು ಗೇಟಿನ ಮುಂದೆ ನಿಂತಾಗ ಬಾನೆಟ್ಟಿನ ಕಡೆಯಿಂದ ಒಂದು ಸಿಹಿ ವಾಸನೆ ಬಂತು. ಬೆಲ್ಲದ ಪಾಕ ತಳ ಹತ್ತೋಕೆ ಮುಂಚೆ ಬರುತ್ತಲ್ಲ, ಅಂಥದು. ಬಾಗಿಲು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಆ ವಾಸನೆ ನನಗೆ ಗೊತ್ತು...

ಹುಣಸಮಾರನಹಳ್ಳಿಯಲ್ಲಿ ನಮ್ಮ ಮನೆ ಪಕ್ಕ ಒಬ್ಬ ಮೇಸ್ತ್ರಿ ತಗಡಿನ ಶೆಡ್ಡು ಹಾಕಿಕೊಂಡು ಕಾರು ರಿಪೇರಿ ಮಾಡ್ತಿದ್ದ. ಒಂಟಿ ಮನುಷ್ಯ. ಬಾಯಿ ಜಾಸ್ತಿ, ಕೆಲಸ ಶುದ್ಧ. ನನಗೆ ಓದು ಬರಹ ಅಷ್ಟಕ್ಕಷ್ಟೆ. ಆದರೂ ಬರೀತಿದೀನಿ, ಯಾಕಂದ್ರೆ ಆತನ ಬಗ್ಗೆ ಊರಲ್ಲಿ ಉಳಿದಿರೋ ಮಾತು ಸುಳ್ಳು.

ನಮ್ಮ ಯಜಮಾನರು ಆಗ ಬಾಡಿಗೆ ಕಾರು ಓಡಿಸ್ತಿದ್ರು. ಮಗಳು ಹೆರಿಗೆಗೆ ಬಂದಿದ್ಲು, ದಿನ ತುಂಬಿತ್ತು. ಆಸ್ಪತ್ರೆ ಹೆಬ್ಬಾಳದಾಚೆ. ನಮಗಿದ್ದ ಗಾಡಿ ಅದೊಂದೇ, ಅದೂ ಕಾಯಿಲೆ ಬಿದ್ದಿತ್ತು. ದಿನಾ ಬೆಳಗ್ಗೆ ರೇಡಿಯೇಟರಿಗೆ ಒಂದು ಚೊಂಬು ನೀರು ಹುಯ್ಯಬೇಕು. ಕೆಳಗೆ ನೋಡಿದ್ರೆ ಒಂದು ಹನಿ ಇಲ್ಲ.

ಮೇಸ್ತ್ರಿ ಕಾರಿನ ಕೆಳಗೆ ಹಳೇ ಪೇಪರು ಹಾಸಿ ನೋಡಿದ. ಒಣ.

"ಅಕ್ಕಾ, ಕುಡಿಯೋದು ಕುಡೀತೈತೆ, ಉಚ್ಚೆ ಹುಯ್ಯಾಕಿಲ್ಲ ಅಂತೈತೆ. ಕಾಯಿಲೆ ಬಿಸೀಲಿ ಬತ್ತೈತೆ, ತಣ್ಣಗಿದ್ದಾಗ ನಾಟ್ಕ ಆಡ್ತೈತೆ," ಅಂದ.

ಎಂಜಿನ್ನು ಚೆನ್ನಾಗಿ ಕಾಯೋವರೆಗೂ ಓಡಿಸಿದ. ಗಡ್ಡ ಕೆರೆಯೋ ಕನ್ನಡಿಯನ್ನ ಕಡ್ಡಿಗೆ ಕಟ್ಟಿ ಸಂದಿಗೆ ಇಳಿಸಿದ, ಟಾರ್ಚು ಬಿಟ್ಟ. ನನ್ನನ್ನೂ ಕರೆದು ತೋರಿಸಿದ. ನೀರು ತಿರುಗಿಸೋ ಪಂಪಿನ ಅಡಿಯಲ್ಲಿ ಉಪ್ಪು ಕಟ್ಟಿದಂಗೆ ಬೆಳ್ಳಗೆ ಗೀಟು. ಹನಿ ಜಿನುಗಿ, ಕಾದ ಕಬ್ಬಿಣದ ಮೇಲೆ ಬಿದ್ದು, ನೆಲ ಮುಟ್ಟೋಕೆ ಮುಂಚೆ ಆವಿ ಆಗ್ತಿತ್ತು. ಪಂಪು ಬದಲಾಯಿಸಿ, ಎಂಜಿನ್ನು ತಣ್ಣಗಿಡೋ ಹೊಸ ಕೂಲೆಂಟ್ ನೀರು ತುಂಬಿಸಿದ. ಅದನ್ನ ಬೆರಳಿಗೆ ಹಚ್ಚಿ ನನ್ನ ಮೂಗಿಗೆ ಹಿಡಿದ.

"ನೋಡ್ಕಳಕ್ಕಾ. ಇದು ಸಿಹಿ ವಾಸನೆ, ಅಂಟಂಟು. ಏಸಿ ನೀರೂ ಕೆಳಗೆ ಬೀಳ್ತೈತೆ, ಅದಕ್ಕೆ ವಾಸನೆ ಇಲ್ಲ, ಅಂಟಿಲ್ಲ. ಅದನ್ನ ಕಂಡು ಬಾಯಿ ಬಡ್ಕಂಬೇಡ."

"ಹೋಗಲೋ, ನನಗೇನು ಹೇಳ್ತೀಯ," ಅಂದಿದ್ದೆ.

ಮೂರನೇ ದಿನ, ಬೇಸಿಗೆ, ಮಧ್ಯಾಹ್ನ. ಯಜಮಾನರು ಏಸಿ ಹಾಕ್ಕೊಂಡು ಬಂದು ಕಾರು ನಿಲ್ಲಿಸಿ ಊಟಕ್ಕೆ ಕೂತ್ರು, ಆಮೇಲೆ ಮಲಗಿದ್ರು. ನಾನು ಹೊರಗೆ ಬಂದೆ. ಕಾರಿನ ಕೆಳಗೆ ಅಂಗೈಯಗಲ ನೀರು. ಮಗಳಿಗೆ ಬೆಳಗ್ಗಿಂದ ಸೊಂಟ ನೋವು. ಬೆರಳಿಟ್ಟು ಮೂಸಬೇಕಿತ್ತು. ಮೂಸಲಿಲ್ಲ.

ರೇಡಿಯೇಟರ್ ಸೋರಿದ್ರೆ ಅರಿಶಿನ ಹಾಕು ಅಂತ ಸ್ಟ್ಯಾಂಡಿನ ಡ್ರೈವರ್‌ಗಳೆಲ್ಲ ಹೇಳೋರು. ಗಾಯಕ್ಕೆ ಅರಿಶಿನ ಅನ್ನೋದು ನಮಗೆ ಹುಟ್ಟಿದಾಗಿಂದ ಗೊತ್ತು. ಎಂಜಿನ್ನು ಆರಿದ ಮೇಲೆ ಮುಚ್ಚಳ ತಿರುಗಿಸಿ, ಒಂದು ಹಿಡಿ ಸಾಲದು ಅಂತ ಎರಡು ಹಿಡಿ ಹಾಕಿದೆ. ನೀರು ನಿಂತೇ ಹೋಯ್ತು. ನಿಲ್ಲದೆ ಏನು, ಅದು ಏಸಿ ನೀರು.

ಸಂಜೆ ಹೊತ್ತಿಗೆ ನೋವು ಜಾಸ್ತಿ ಆಯ್ತು. ಯಜಮಾನರು ಕಾರಿನ ಕೀ ಕೈಯಲ್ಲಿಟ್ಟುಕೊಂಡೇ ಅದನ್ನ ಮನೆಯೆಲ್ಲ ಹುಡುಕ್ತಿದ್ರು. "ಸರೀರಿ ಅಣ್ಣಾ, ನಾನೇ ಓಡಿಸ್ತೀನಿ," ಅಂತ ಮೇಸ್ತ್ರಿ ಸ್ಟೇರಿಂಗ್ ಹಿಡಿದ. ಹೆಬ್ಬಾಳದ ಹತ್ತಿರ ಗಾಡಿಗೆ ಗಾಡಿ ಅಂಟಿಕೊಂಡು ನಿಂತಿದ್ವು. ಬಿಸಿ ತೋರಿಸೋ ಮುಳ್ಳು ಏರ್ತಾ ಹೋಯ್ತು. ಮೊದಲು ಸಿಹಿ ವಾಸನೆ ಬಂತು. ಅದರ ಹಿಂದೆ ಇನ್ನೊಂದು, ಸೀದ ಅರಿಶಿನದ್ದು... ನನಗೆ ಗೊತ್ತಾಯ್ತು. ಬಾಯಿ ಬಿಡಲಿಲ್ಲ.

ಆತ ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿದ. "ಮೊನ್ನೆ ತಾನೆ ತುಂಬಿಸಿದ್ದೆ, ಎಲ್ಲಿ ಹೋಯ್ತು ನೀರು?" ಅಂತ ತನಗೆ ತಾನೇ ಕೇಳಿಕೊಂಡ. ಕೈ ಅಡ್ಡ ಹಾಕಿದ್ರೂ ಒಂದು ಆಟೋ ನಿಲ್ಲಲಿಲ್ಲ. ಹಿಂದೆ ಮಗಳು ಕಿರುಚ್ತಿದ್ಲು.

"ಅರ್ಧ ಗಂಟೆ ಆರಬೇಕಕ್ಕಾ, ಈಗ ಮುಟ್ಟಂಗಿಲ್ಲ," ಅಂದ.

"ನಿನ್ನ ಮನೆ ಹಾಳಾಗ, ತೆಗೆದು ನೀರು ಹುಯ್ಯೋ! ಮಗಳು ಸಾಯ್ತಾಳೆ ಕಣೋ!" ಅಂದೆ ನಾನು.

ನಾನು ಅರಿಶಿನ ಅಂದಿದ್ರೆ ಆತ ಮುಚ್ಚಳ ಮುಟ್ತಿರಲಿಲ್ಲ. ಒಳಗೆ ನೀರು ಕಮ್ಮಿ ಆಗಿರಲಿಲ್ಲ, ಅರಿಶಿನ ಸೇರಿ ಹರಿಯೋ ದಾರಿ ಕಟ್ಟಿತ್ತು. ಆತ ಕೈಗೆ ಗೋಣಿಚೀಲ ಸುತ್ತಿಕೊಂಡು ಮುಚ್ಚಳ ತಿರುಗಿಸಿದ. ಕುದಿಯೋ ನೀರು ಆಳೆತ್ತರ ಚಿಮ್ತು. ಆತ ರಸ್ತೆ ಮೇಲೆ ಕೂತುಬಿಟ್ಟ. ಮುಖ, ಕುತ್ತಿಗೆ, ಎದೆ ಎಲ್ಲ ಹಳದಿ. ಮದುವೇಲಿ ಅರಿಶಿನ ಹಚ್ಚಿದ ಗಂಡಿನಂಗೆ. ಆತನಿಗೆ ಯಾರೂ ಹಚ್ಚಿರಲಿಲ್ಲ. ನಾನು ಹಚ್ಚಿದೆ.

ಒಂದು ಕಣ್ಣು ಆಗಲೇ ಮುಚ್ಚಿತ್ತು. ಇನ್ನೊಂದರಲ್ಲಿ ತನ್ನ ಅಂಗೈ ನೋಡಿಕೊಂಡ, ಆಮೇಲೆ ನನ್ನ ನೋಡಿದ.

ಜನ ಸೇರಿದ್ದು ಕಂಡು ಆಟೋ ನಿಂತ್ವು. ಮಗಳನ್ನ ಒಂದರಲ್ಲಿ ನಾನು ಕರ್ಕೊಂಡು ಹೋದೆ, ಆತನನ್ನ ಇನ್ನೊಂದರಲ್ಲಿ ಯಜಮಾನರು. ಮಗು ಚೆನ್ನಾಗಿ ಹುಟ್ತು. ಆತನ ಆ ಕಣ್ಣು ಮತ್ತೆ ಬರಲಿಲ್ಲ.

ಯಜಮಾನರು ಸಿಕ್ಕಿದೋರಿಗೆಲ್ಲ ಹೇಳಿದ್ರು, ಮೇಸ್ತ್ರಿ ಪಂಪು ಸರಿ ಕೂರಿಸಿರಲಿಲ್ಲ ಅಂತ. ಸಾಯೋವರೆಗೂ ಹಂಗೇ ಅಂದ್ರು. ನಾನು ತಲೆ ಆಡಿಸಿದೆ. ಮೊದಲು ಭಯಕ್ಕೆ, ಆಮೇಲೆ ಅದೇ ಅಭ್ಯಾಸ ಆಯ್ತು. ಶೆಡ್ಡಿಗೆ ಕಾರು ಬರೋದು ನಿಂತುಹೋಯ್ತು. ಆತ ತಗಡು ಬಿಚ್ಚಿಕೊಂಡು ದಾಸರಹಳ್ಳಿ ಕಡೆ ಹೋದ. ಹೋಗೋವಾಗ ಗೇಟಿನ ಹತ್ತಿರ ನಿಂತು, "ಬರ್ತೀನಕ್ಕಾ, ಕೂಸು ಉಷಾರು," ಅಂದ. ಆಗಲಾದ್ರೂ ಹೇಳಬಹುದಿತ್ತು... ಹೋದ ವರ್ಷ ಆತ ತೀರಿಕೊಂಡ ಅಂತ ಸುದ್ದಿ ಬಂತು.

ಮೊಮ್ಮಗಳು "ಹತ್ತಜ್ಜಿ, ಲೇಟಾಯ್ತು," ಅಂತ ತಳ್ಳಿದ್ಲು. ಅವತ್ತು ಹುಟ್ಟಿದ ಕೂಸು ಇವಳೇ.

"ನಿನ್ನ ಗಾಡಿ ಕೂಲೆಂಟ್ ಸೋರ್ತೈತೆ ಕಣಪ್ಪಾ," ಅಂದೆ ಡ್ರೈವರಿಗೆ.

"ಗೊತ್ತಜ್ಜಿ. ಸ್ವಲ್ಪ ಅರಿಶಿನ ಹಾಕಿದ್ರೆ ನಿಲ್ಲುತ್ತೆ ಅಂತಾರೆ, ಹಾಕ್ತೀನಿ."

"ಹಾಕ್ಬೇಡ."

"ಯಾಕೆ?"

"ನಾನು ಹಾಕಿದ್ದೆ," ಅಂದೆ.

ಆ ಹುಡುಗನಿಗೆ ಏನೂ ಅರ್ಥ ಆಗಲಿಲ್ಲ, ಸುಮ್ಮನೆ ನಕ್ಕ. ಆ ಮಾತು ಕೇಳಬೇಕಾಗಿದ್ದ ಮೇಸ್ತ್ರಿ ಇರಲಿಲ್ಲ.